ಅತ್ತೆಯ ಅಂಕೋಲಾ ಟಿಕೆಟ್ಟು

ಮೊನ್ನೆ ಸಂಜೆ ಕಪಾಟಿನ ಬಾಗಿಲು ತೆಗೆದು ನಿಂತಿದ್ದೆ. ಮರುದಿನ ಕಚೇರಿಯ ಕೆಲಸದ ಮೇಲೆ ಅಂಕೋಲಾಕ್ಕೆ ಹೋಗುವುದಿತ್ತು, ಅದಕ್ಕೊಂದು ಇಸ್ತ್ರಿಯ ಸೀರೆ ಬೇಕಿತ್ತು. ಮಡಿಸಿಟ್ಟ ರಾಶಿಯಿಂದ ಸೀರೆ ಎಳೆದದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ನಿಮಗೂ ಈ ವಾಸನೆ ಗೊತ್ತಿರುತ್ತದೆ. ಕೆಲವರಿಗೆ ಅದರಿಂದ ಮದುವೆಮನೆ ನೆನಪಾಗುತ್ತದಂತೆ, ಕೆಲವರಿಗೆ ಅಜ್ಜಿಯ ಟ್ರಂಕು. ನನಗೆ ಮಾತ್ರ ನನ್ನ ಕಳ್ಳತನ. ಎರಡು ವರ್ಷದ ಹಿಂದೆ ಇದೇ ಕಪಾಟಿನಲ್ಲಿ, ಇವೇ ಸೀರೆಗಳ ಅಡಿಯಲ್ಲಿ, ನಾನೊಂದು ಕಳ್ಳಮಾಲು ಬಚ್ಚಿಟ್ಟಿದ್ದೆ. ನನ್ನ ಅತ್ತೆಯ ಆಧಾರ್ ಕಾರ್ಡು.

ಕಳ್ಳತನದ ಕತೆ ಹೇಳುವ ಮೊದಲು ಕಳ್ಳಿಯ ಪರಿಚಯ ಮಾಡಿಸಿಬಿಡುತ್ತೇನೆ. ನಾನು ಹೆದರುಪುಕ್ಕಲಿ. ಹಾಗೆಂದು ಹಾವಿಗೋ ಕತ್ತಲೆಗೋ ಹೆದರುವವಳಲ್ಲ. ಅಮದಳ್ಳಿಯ ನಮ್ಮ ಹಿತ್ತಿಲಿಗೆ ಹಾವು ಬಂದರೆ ಕೋಲು ತಟ್ಟಿ ಓಡಿಸುವವಳು ನಾನೇ. ನನ್ನ ಹೆದರಿಕೆಯೆಲ್ಲ ಇನ್ನೂ ಆಗದೇ ಇರುವುದರ ಬಗ್ಗೆ. ಗ್ಯಾಸು ಆರಿಸಿ ಬಂದು ಕಾರವಾರದ ಬಸ್ಸು ಹತ್ತಿದ ಮೇಲೆ, ಆರಿಸಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ ಶುರುವಾಗುತ್ತದೆ. ಕಚೇರಿಯಲ್ಲಿ ಕಡತ ಬಿಚ್ಚಿದರೆ ಹಾಳೆಯ ಮೇಲೆ ನಮ್ಮ ಅಡಿಗೆಮನೆಯೇ ಹೊತ್ತಿ ಉರಿಯುತ್ತಿರುತ್ತದೆ. ನನ್ನವರು ಅರ್ಗಾದ ನೌಕಾನೆಲೆಯೊಳಗೆ ಗುತ್ತಿಗೆಯ ಮೇಲೆ ವೈರಿಂಗ್ ಕೆಲಸ ಮಾಡುತ್ತಾರೆ. ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಅಂದರೆ ಬೆಳಿಗ್ಗೆ ಎಂಟರಿಂದ ಸಂಜೆ ಐದೂವರೆಯವರೆಗೆ ಅವರು ನನ್ನ ಪಾಲಿಗೆ ಲೋಕದಲ್ಲೇ ಇರುವುದಿಲ್ಲ. ಐದೂವರೆಗೆ ಫೋನು ಬರದಿದ್ದರೆ ಐದೂ ಮೂವತ್ತೈದಕ್ಕೆ ನಾನು ಮನಸ್ಸಿನಲ್ಲೇ ಆಸ್ಪತ್ರೆ ಮುಟ್ಟಿರುತ್ತೇನೆ. ಐದೂ ನಲವತ್ತಕ್ಕೆ ಹದಿಮೂರನೇ ದಿನದ ಊಟಕ್ಕೆ ಯಾರನ್ನೆಲ್ಲ ಕರೆಯಬೇಕೆಂದು ಲೆಕ್ಕ ಹಾಕುತ್ತಿರುತ್ತೇನೆ. ಅಷ್ಟರಲ್ಲಿ ಅವರು ಫೋನು ಮಾಡಿ, ಬರುವಾಗ ಕೊತ್ತಂಬರಿ ತರಲೇ ಎಂದು ಕೇಳುತ್ತಾರೆ.

“ತಂಗೀ, ನಿನ್ನ ತಲೇಲಿ ಒಂದ್ ಆಸ್ಪತ್ರೆ ಅದೆ ಮಾರಾಯ್ತಿ. ಯಾವಾಗ್ಲೂ ಭರ್ತಿ,” ಎನ್ನುತ್ತಾರೆ ಅತ್ತೆ.

ನನ್ನವರ ತಾಯಿ ಅವರು. ಎಪ್ಪತ್ತನಾಲ್ಕು ವರ್ಷ. ಎತ್ತರದ ತೆಳ್ಳಗಿನ ಹೆಂಗಸು. ಎಡಮೊಣಕಾಲು ಸ್ವಲ್ಪ ನೋವು, ಬಿಪಿ ಗುಳಿಗೆ ದಿನಕ್ಕೊಂದು. ಕವಳ ಹಾಕುವ ಚಟ ಬಿಟ್ಟರೆ ಮತ್ತೊಂದು ಚಟವಿಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದೆಸಳು ಹೊಗೆಸೊಪ್ಪು ತುಂಬಿದ ಕವಳದ ಸಂಚಿ ಸದಾ ಸೊಂಟದಲ್ಲಿ. ಮಾವ ತೀರಿಹೋಗಿ ಇಪ್ಪತ್ತು ವರ್ಷವಾಯಿತು. ಅಷ್ಟು ವರ್ಷವೂ ಅತ್ತೆ ಗದ್ದೆ, ಹಿತ್ತಿಲು, ಕೊಟ್ಟಿಗೆ ಎಂದು ಇದ್ದವರು. ಎಲ್ಲಿಗಾದರೂ ಹೋದರೆ ಯಾರಾದರೂ ಕರೆದುಕೊಂಡು ಹೋಗಬೇಕು, ಯಾರಾದರೂ ತಂದುಬಿಡಬೇಕು. ಹಾಗೆ ಇರುವುದು ಅವರಿಗೆ ಇಷ್ಟವೋ ಅಲ್ಲವೋ ಎಂದು ನಾವು ಕೇಳಿದ್ದೇ ಇಲ್ಲ.

ಆಮೇಲೆ, ಆಧಾರ್ ಕಾರ್ಡು ತೋರಿಸಿದರೆ ಸಾಕು, ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ಒಂದು ದಿನ ಕಚೇರಿಯಿಂದ ಬಂದು ನೋಡುತ್ತೇನೆ, ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾರೆ, ಕೈಯಲ್ಲೊಂದು ಟಿಕೆಟ್ಟು. ಮಧ್ಯಾಹ್ನ ಎರಡೂವರೆಯ ಬಸ್ಸಿಗೆ ಒಬ್ಬರೇ ಹೋಗಿ ಬಂದಿದ್ದರಂತೆ, ಅಂಕೋಲಾ ಕಡೆಗೆ.

“ಎಂತಕ್ಕೆ ಹೋಗಿದ್ರಿ ಅತ್ತೆ?” ಎಂದೆ, ಎದೆ ಹಿಡಿದುಕೊಂಡು.

“ಎಂತಕ್ಕೂ ಇಲ್ಲ. ಸುಮ್ನೆ.”

ಈ ಸುಮ್ಮನೆ ಎನ್ನುವುದು ನನಗೆ ಯಾವತ್ತೂ ಅರ್ಥವಾಗದ ವಿಷಯ. ನಾನು ಸುಮ್ಮನೆ ಎಂದು ಏನನ್ನಾದರೂ ಮಾಡಿದ್ದು ನೆನಪಿಲ್ಲ. ಬಸ್ಸು ಹತ್ತುವುದು ಕಚೇರಿಗೆ, ಇಳಿಯುವುದು ಮೀನು ಪೇಟೆಗೆ, ಸಮುದ್ರದ ಕಡೆ ಹೋಗುವುದು ನೆಂಟರಿಗೆ ಸಮುದ್ರ ತೋರಿಸಲಿಕ್ಕೆ. ಕಾರವಾರದಲ್ಲಿ ಮೂವತ್ತು ವರ್ಷದಿಂದ ನೌಕರಿ ಮಾಡುತ್ತಿದ್ದೇನೆ. ಕಚೇರಿಯಿಂದ ಕಡಲದಂಡೆ ಕೂಗಳತೆಯ ದೂರ. ಊಟದ ಬಿಡುವಿನಲ್ಲಿ ಒಂದು ದಿನವೂ ಅಲ್ಲಿ ಹೋಗಿ ಕೂತಿಲ್ಲ. ಹೋದರೆ ಏನಾದರೂ ಆಗಿಬಿಡುತ್ತದೆ ಎಂದಲ್ಲ. ಹೋಗಲಿಕ್ಕೆ ಕಾರಣ ಸಿಕ್ಕಲಿಲ್ಲ, ಅಷ್ಟೇ.

ಅತ್ತೆಗೆ ಕಾರಣ ಬೇಕಿರಲಿಲ್ಲ. ವಾರಕ್ಕೆ ಎರಡು ಸಲ, ಕೆಲವು ವಾರ ಮೂರು ಸಲ, ಎರಡೂವರೆಯ ಬಸ್ಸು. ಆಧಾರ್ ಕಾರ್ಡು ಕವಳದ ಸಂಚಿಯೊಳಗೆ ವಾಸಕ್ಕೆ ಬಂತು. ಸುಣ್ಣ ಮೆತ್ತಿಕೊಂಡು ಕಾರ್ಡಿನ ಫೋಟೋದಲ್ಲಿ ಅತ್ತೆಯ ಒಂದು ಕೆನ್ನೆ ಬೆಳ್ಳಗಾಯಿತು. ನಾನು ಕೊಡಿಸಿದ ಒತ್ತುಬಟನ್ನಿನ ಮೊಬೈಲು ಮಾತ್ರ ಮನೆಯಲ್ಲೇ ಚಾರ್ಜಿಗೆ ನೇತಾಡುತ್ತಿತ್ತು. “ಅದ್ಕೂ ಸಮಾ ಹೊಟ್ಟೆ ತುಂಬೂಕೆ ಬೇಡ್ವಾ?” ಎನ್ನುತ್ತಿದ್ದರು. ಎರಡೂವರೆ ಆದರೆ ಸಾಕು, ಕಾರವಾರದಲ್ಲಿ ಕೂತ ನನಗೆ ಕೈ ಬೆವರಲು ಶುರು. ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ, ಹೆದ್ದಾರಿಯಲ್ಲಿ ಎಂಥೆಂಥ ಲಾರಿ, ಅಂಕೋಲಾ ಸ್ಟ್ಯಾಂಡಿನಲ್ಲಿ ಬಸ್ಸು ಹಿಂದೆ ತೆಗೆಯುವಾಗ ಕಂಡಕ್ಟರ್ ಊದುವ ಸೀಟಿ ಅತ್ತೆಗೆ ಕೇಳುತ್ತದೋ ಇಲ್ಲವೋ. ನನ್ನವರ ಹತ್ತಿರ ಹೇಳಿದರೆ, “ಹೋಗ್ಲಿ ಬಿಡೇ, ಅವ್ವಿಗೆ ಬೇಜಾರ,” ಎಂದು ಮಗ್ಗುಲು ಬದಲಿಸುತ್ತಿದ್ದರು. ಮನೆಯಲ್ಲಿ ಹೆದರಲಿಕ್ಕೆ ಒಬ್ಬಳು ಇರುವಾಗ ಉಳಿದವರು ನಿಶ್ಚಿಂತೆಯಿಂದ ಇರಬಹುದು ನೋಡಿ.

ಆ ವರ್ಷ ಮಳೆ ಜೋರು. ಮಳೆಗಾಲದಲ್ಲಿ ನಮ್ಮ ಹೆದ್ದಾರಿಯ ಬದಿಯ ಗುಡ್ಡಗಳನ್ನು ನಂಬುವ ಹಾಗಿಲ್ಲ, ನಿಮಗೆ ಗೊತ್ತು. ಒಂದು ಸಂಜೆ ನಾನು ಮನೆಗೆ ಬಂದಾಗ ಅತ್ತೆ ಇರಲಿಲ್ಲ. ಐದಕ್ಕೆಲ್ಲ ಬಂದುಬಿಡುವವರು ಆರಾದರೂ ಇಲ್ಲ. ಹಾರವಾಡದ ಹತ್ತಿರ ಎಲ್ಲೋ ರಸ್ತೆಗೆ ಮಣ್ಣು ಬಿದ್ದಿದೆಯಂತೆ ಎಂದು ದಾರಿಯಲ್ಲಿ ಹೋಗುವವರು ಯಾರೋ ಹೇಳಿದರು. ನಾನು ಕೊಡೆ ಹಿಡಿದು ರಸ್ತೆಯ ಬಾಯಿಗೆ ಹೋಗಿ ನಿಂತೆ. ಮನೆಗೆ ಓಡಿ ಬಂದು ಅತ್ತೆಯ ಮೊಬೈಲಿಗೆ ಫೋನು ಮಾಡಿದೆ. ಅದು ನನ್ನ ಬೆನ್ನ ಹಿಂದೆಯೇ ಗೋಡೆಯಲ್ಲಿ ಹಾಡಿತು. ನನ್ನವರು ಬಂದು ಬೈಕು ಹೊರಡಿಸುವ ಹೊತ್ತಿಗೆ ಏಳು ಗಂಟೆ. ಅಷ್ಟರಲ್ಲಿ ಗದ್ದೆಯ ಅಂಚಿನ ಹಾಳಿಯ ಮೇಲೆ ಅತ್ತೆ ಬರುತ್ತಿರುವುದು ಕಂಡಿತು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕಂಕುಳಲ್ಲೊಂದು ಹಲಸಿನಕಾಯಿ, ಮುಖದಲ್ಲಿ ಮದುವೆಗೆ ಹೋಗಿ ಬಂದವರ ಕಳೆ.

“ಎಂಥಾ ಗಮ್ಮತ್ತು ಗೊತ್ತುಂಟಾ ತಂಗೀ! ಎರಡ್ ತಾಸು ಬಸ್ಸಿನಲ್ಲೇ ಕುಂತ್ಕಂಡಿದ್ವು ನಾವೆಲ್ಲ. ಒಬ್ಳು ಶೇಂಗಾ ಕೊಟ್ಳು, ಒಬ್ಳು ಹಾಡಿದ್ಳು. ಕಾಯಿ ಕೊಟ್ಟಿದ್ದು ಯಾರು ಅಂತ್ಲೇ ಗೊತ್ತಿಲ್ಲ!”

ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಮರುದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಕವಳದ ಸಂಚಿಗೆ ಕೈ ಹಾಕಿ ಕಾರ್ಡು ತೆಗೆದೆ, ಸೀರೆಗಳ ಅಡಿಗೆ ಇಟ್ಟೆ, ಕಪಾಟಿಗೆ ಬೀಗ ಹಾಕಿದೆ. ಕಾರ್ಡಿಲ್ಲದೆ ಬಸ್ಸು ಹತ್ತುವುದಿಲ್ಲ. ಮಳೆಗಾಲ ಮುಗಿಯುವವರೆಗೆ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಆ ದಿನ ಮಧ್ಯಾಹ್ನ ಎರಡೂವರೆಗೆ, ಎಷ್ಟೋ ತಿಂಗಳ ನಂತರ, ನನ್ನ ಕೈ ಬೆವರಲಿಲ್ಲ. ನಿಜ ಹೇಳುತ್ತೇನೆ, ಹಾಯೆನಿಸಿತು.

ಅತ್ತೆ ಹುಡುಕಿದರು. ಮೊದಲ ದಿನ ಸಂಚಿ ಬುಡಮೇಲು ಮಾಡಿದರು. ಎರಡನೆಯ ದಿನ ದೇವರ ಪಟದ ಹಿಂದೆ, ಅಕ್ಕಿ ಡಬ್ಬಿಯೊಳಗೆ, ಹಾಸಿಗೆಯ ಕೆಳಗೆ. ನಾನೂ ಜೊತೆಗೆ ಹುಡುಕಿದೆ. ಹೌದು, ಅಷ್ಟು ದೂರ ಹೋಗಿದ್ದೆ. ಮಂಚದ ಅಡಿಗೆ ಬಗ್ಗಿ ಟಾರ್ಚು ಬಿಟ್ಟು ನೋಡಿದೆ. ಅತ್ತೆ ಸಿಟ್ಟಾಗುತ್ತಾರೆ, ಬಸ್ಸಿನವರನ್ನು ಬೈಯುತ್ತಾರೆ, ಹೊಸದು ಮಾಡಿಸಿಕೊಡು ಎಂದು ಹಟ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಅದಕ್ಕೆಲ್ಲ ಉತ್ತರವನ್ನೂ ತಯಾರು ಮಾಡಿಟ್ಟುಕೊಂಡಿದ್ದೆ. ಅವರು ಅದೊಂದನ್ನೂ ಮಾಡಲಿಲ್ಲ. ಮೂರನೆಯ ದಿನ ಹುಡುಕುವುದನ್ನೇ ನಿಲ್ಲಿಸಿದರು.

ಆಮೇಲೆ ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ಅವರ ಸ್ವರ ಕೇಳಿತು. ಮೆಲ್ಲಗೆ, ಶಾಲೆಯ ಮಕ್ಕಳು ಮಗ್ಗಿ ಹೇಳಿದ ಹಾಗೆ. “ಮುದಗಾ. ಹಾರವಾಡ. ಅವರ್ಸಾ.” ಅಲ್ಲಿ ನಿಂತಿತು. ಮತ್ತೆ ಮೊದಲಿಂದ. “ಮುದಗಾ. ಹಾರವಾಡ. ಅವರ್ಸಾ...” ಬಹಳ ಹೊತ್ತಿನ ಮೇಲೆ, “ಹಟ್ಟಿಕೇರಿ, ಹಟ್ಟಿಕೇರಿ,” ಎಂದು ಎರಡು ಸಲ ಹೇಳಿ ಉಸಿರು ಬಿಟ್ಟರು. ಬಸ್ಸಿನ ಸ್ಟಾಪುಗಳು. ಅತ್ತೆ ತಮ್ಮ ನೆನಪನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ಆಗಲೂ ನಾನು ಬಾಯಿ ಬಿಡಲಿಲ್ಲ. ಹೆದರುವವರ ಬುದ್ಧಿಯೇ ಹೀಗೆ, ಒಂದು ಹೆದರಿಕೆಯಿಂದ ತಪ್ಪಿಸಿಕೊಳ್ಳಲು ಇನ್ನೊಂದು ತಪ್ಪು ಮಾಡುತ್ತಾರೆ. ಕಾರ್ಡನ್ನು ಗುಟ್ಟಾಗಿ ಸಂಚಿಯಲ್ಲಿ ಇಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಇಟ್ಟೆ. ಸಂಜೆ ಬಂದು ನೋಡಿದರೆ ಅತ್ತೆ ಜಗಲಿಯಲ್ಲಿ ಕೂತು ಕಾರ್ಡನ್ನು ಮೂಗಿನ ಹತ್ತಿರ ಹಿಡಿದಿದ್ದಾರೆ.

“ತಂಗೀ, ಇದು ಇಲ್ಲೇ ಇತ್ತು.”

“ಸಿಕ್ತಲ್ಲ ಅತ್ತೆ, ಒಳ್ಳೇದಾಯ್ತು.” ನಾನು ಚಪ್ಪಲಿ ಬಿಡುವ ನೆವದಲ್ಲಿ ಬಗ್ಗಿದೆ.

“ಆದ್ರೆ ನಾ ನಾಕ್ ಸಲ ನೋಡಿದ್ದೆ. ಎಲ್ಲಾ ತೆಗ್ದು ನೆಲಕ್ಕೆ ಹಾಕಿ ನೋಡಿದ್ದೆ. ಕಣ್ಣೆದ್ರಿಗಿದ್ದದ್ದು ಕಾಣ್ಲಿಲ್ಲ ಅಂದ್ರೆ?” ಮತ್ತೆ ಮೂಸಿದರು. “ಹೊಗೆಸೊಪ್ಪಿನ ಸಂಚೀಲಿ ಇದ್ದದ್ದು ನುಸಿಗುಳಿಗೆ ವಾಸ್ನೆ ಬತ್ತದೆ ನಂಗೆ. ಮೂಗೂ ಕೆಟ್ಟೋಯ್ತಾ ಏನ.”

ಆ ವಾರ ಅವರು ಬಸ್ಸು ಹತ್ತಲಿಲ್ಲ. ಕಾರ್ಡು ಕೈಯಲ್ಲೇ ಇತ್ತು, ಮಳೆಯೂ ಬಿಟ್ಟಿತ್ತು. ಎರಡೂವರೆಯ ಹೊತ್ತಿಗೆ ಅಂಗಳದ ತುದಿಗೆ ಹೋಗಿ ನಿಂತು, ಬಸ್ಸು ಹೋದ ಸದ್ದು ಕೇಳಿ ಒಳಗೆ ಬರುತ್ತಾರೆ ಎಂದು ಪಕ್ಕದ ಮನೆಯವಳು ನನಗೆ ಹೇಳಿದಳು. ಗುಳಿಗೆ ನುಂಗಿದ ಮೇಲೆ, “ನುಂಗಿದ್ನಾ?” ಎಂದು ನನ್ನನ್ನು ಕೇಳತೊಡಗಿದರು. ಗಂಜಿ ಉಂಡ ಬಟ್ಟಲನ್ನು ತೊಳೆಯದೆ ಹಾಗೇ ಇಟ್ಟುಕೊಳ್ಳುತ್ತಿದ್ದರು, ಉಂಡಿದ್ದಕ್ಕೆ ಗುರುತು ಬೇಕೆಂದು.

ಭಾನುವಾರ ಬೆಳಿಗ್ಗೆ. ನಾನು ಅಡಿಗೆಮನೆಯಲ್ಲಿ ಕೂತು ಒಣಸಿಗಡಿಯ ತಲೆ ಮುರಿಯುತ್ತಿದ್ದೆ. ಮಳೆಗಾಲದಲ್ಲಿ ಹಸಿಮೀನು ಕಡಿಮೆ, ಇದೇ ಗತಿ. ಅತ್ತೆ ಬಂದು ಎದುರಿಗೆ ಕೂತರು, ತಾವೂ ನಾಲ್ಕು ಸಿಗಡಿ ಎತ್ತಿಕೊಂಡರು.

“ತಂಗೀ, ನನ್ನ ಅತ್ತೆ ಇತ್ತಲ್ಲ, ನೀ ಕಂಡವಳಲ್ಲ. ಅದಕ್ಕೆ ಕಡೆಕಡೆಗೆ ಎಲ್ಲಾ ಮರ್ತೋಗಿತ್ತು. ಗದ್ದೆ ಬದಿಗೆ ಹೋದ್ರೆ ತಿರುಗಿ ಬರೂಕೆ ಗೊತ್ತಾಗೂದಿಲ್ಲ. ಒಂದ್ ಸಲ ಕೆರೆ ಹತ್ರ ಸಿಕ್ತು. ನಂಗೆ ಹೆದ್ರಿಕೆಯಾಯ್ತು. ಅವತ್ತಿಂದ ನಾ ಗದ್ದೆ ನಟ್ಟಿಗೆ ಹೋಗುವಾಗ ಹೊರಗಿಂದ ಚಿಲಕ ಹಾಕಿ ಹೋಗ್ತಿದ್ದೆ. ಒಳಗಿಂದ ಬಾಗ್ಲ ಬಡೀತಿತ್ತು. ನಂಗೆ ಗದ್ದೆಗೂ ಕೇಳ್ತಿತ್ತು.”

ಅವರ ಕೈ ನಿಲ್ಲಲಿಲ್ಲ. ಸಿಗಡಿಯ ತಲೆ ಒಂದು ಕಡೆ, ಮೈ ಒಂದು ಕಡೆ ಹಾಕುತ್ತಲೇ ಹೇಳಿದರು.

“ನಿಂಗೂ ಚಿಲಕ ಹಾಕೂ ಪಾಳಿ ಬಂದ್ರೆ ನಾ ಎಂತದೂ ಹೇಳೂದಿಲ್ಲ. ಆದ್ರೆ ಎರಡೂವರೆ ಹೊತ್ತಿಗೆ ಮಾತ್ರ ಕಿಟಕಿ ತೆಗ್ದಿಡು. ಬಸ್ಸಿನ ಸದ್ದಾದ್ರೂ ಕೇಳ್ಲಿ.”

ನಾನು ಏನನ್ನೆಲ್ಲ ಊಹಿಸಿಕೊಂಡು ಹೆದರಿದ್ದೆ! ಲಾರಿ, ಗುಡ್ಡ, ಮೆಟ್ಟಿಲು. ಆ ದೊಡ್ಡ ಪಟ್ಟಿಯಲ್ಲಿ ನಾನೊಬ್ಬಳು ಇರಲೇ ಇಲ್ಲ. ಸಿಗಡಿ ಬದಿಗೆ ಸರಿಸಿದೆ.

“ಅತ್ತೆ, ಕಾರ್ಡು ಸಂಚಿಯಲ್ಲಿ ಇರಲಿಲ್ಲ. ನಾನು ತೆಗೆದಿಟ್ಟಿದ್ದೆ. ನನ್ನ ಕಪಾಟಿನಲ್ಲಿತ್ತು, ಸೀರೆಯ ಅಡಿಗೆ. ನಾನೇ ವಾಪಸ್ ಇಟ್ಟೆ.”

ಅವರು ಕೈಯ ಸಿಗಡಿ ಕೆಳಗಿಟ್ಟರು.

“ಹಂಗಾರೆ, ನಾ ನೋಡುವಾಗ ಇಲ್ಲಾಗಿತ್ತಾ? ಖರೆ?”

“ಖರೆ ಅತ್ತೆ. ಇರಲಿಲ್ಲ.”

“ನುಸಿಗುಳಿಗೆ ವಾಸ್ನೆ?”

“ನನ್ನ ಸೀರೇದು.”

ಅತ್ತೆ ಎದ್ದು ನಿಂತರು. ಎಡಮೊಣಕಾಲಿನ ನೋವೂ ಮರೆತುಹೋದಂತೆ ಎದ್ದರು. “ನಂಗೆ ಎಂತದೂ ಆಗ್ಲಿಲ್ಲ!” ಎಂದು ದೊಡ್ಡದಾಗಿ ಕೂಗಿ, ಹಿತ್ತಿಲ ಬಾಗಿಲಿಗೆ ಹೋಗಿ ಬೇಲಿಯ ಆಚೆಯವಳಿಗೂ ಹೇಳಿದರು, “ಕೇಳಿತೇನೇ, ನನ್ನ ತಲೆ ಸಮಾ ಅದೆ! ನನ್ನ ಸೊಸೆ ಕಳ್ಳಿ!” ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ನಾನೂ ನಗಲೋ ಅಳಲೋ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಅವರು ಒಳಗೆ ತಿರುಗಿದರು, ಮುಖದಲ್ಲಿ ನಗೆ ಇರಲಿಲ್ಲ.

“ಹೊಡದಿದ್ರೂ ಅಡ್ಡಿಲ್ಲಾಗಿತ್ತು,” ಎಂದರು. “ಹೋಗ್ಬೇಡಿ ಅಂದಿದ್ರೆ ಜಗಳ ಮಾಡ್ತಿದ್ದೆ, ಗೆಲ್ತಿದ್ದೆ ಇಲ್ಲಾ ಸೋಲ್ತಿದ್ದೆ. ನನ್ನ ತಲೆ ಮೇಲೇ ನಂಗೆ ಅನುಮಾನ ಬರೂ ಹಂಗೆ ಮಾಡಿದ್ಯಲ್ಲೇ.”

ಮೂರು ದಿನ ನನ್ನ ಕೈಯ ಅಡಿಗೆ ಉಣ್ಣಲಿಲ್ಲ. ತಾವೇ ಗಂಜಿ ಬೇಯಿಸಿಕೊಂಡರು, ತಾವೇ ಒಣಮೀನು ಸುಟ್ಟುಕೊಂಡರು. ನಾಲ್ಕನೆಯ ದಿನ ಎರಡೂವರೆಯ ಬಸ್ಸಿಗೆ ಹೊರಡುವ ಮೊದಲು ಮಾತಾಡಿದರು. ಅವತ್ತು ನನಗೆ ರಜೆ ಇತ್ತು.

“ನಾ ಅಂಕೋಲಾ ಸ್ಟ್ಯಾಂಡಲ್ಲಿ ಕುಂತಿರ್ತೆ ಅಂತ ಮಾಡಿದ್ಯಾ ನೀನು? ನಾ ಅಂಕೋಲಾಕ್ಕೆ ಹೋಗೂದೇ ಕಡಿಮೆ.”

“ಮತ್ತೆ ಎಲ್ಲಿಗೆ?” ಇಷ್ಟು ತಿಂಗಳು ನಾನು ತಪ್ಪು ಜಾಗವನ್ನು ಊಹಿಸಿಕೊಂಡು ಹೆದರಿದ್ದೆ ಹಾಗಾದರೆ.

“ಟಿಕೆಟ್ಟು ಅಂಕೋಲಾಕ್ಕೇ ತಗತೆ. ಆಮೇಲೆ ಎಲ್ಲಿ ಮನಸ್ಸಾಗ್ತದೆ ಅಲ್ಲಿ ಇಳೀತೆ. ಚಿಕ್ಕಿರುವಾಗ ಅಪ್ಪ ಇಳಿ ಅಂದಲ್ಲಿ ಇಳಿದೆ. ಮದುವೆಯಾದ್ಮೇಲೆ ನಿನ್ನ ಮಾವ ಇಳಿ ಅಂದಲ್ಲಿ. ಎಲ್ಲಿ ಇಳೂದು ಅಂತ ನಾನೇ ನೋಡ್ಕಣೂದು ಈಗ್ಲೇ.” ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಇಳ್ದು ಎಂತ ಮಾಡ್ತೆ ಅಂತ ಕೇಳ್ಬೇಡ. ಎಂತದೂ ಮಾಡೂದಿಲ್ಲ. ಒಂದ್ ಕವಳ ಹಾಕ್ತೆ, ಬತ್ತೆ.”

ಇದು ಎರಡು ವರ್ಷದ ಹಿಂದಿನ ಕತೆ. ಅವತ್ತಿನಿಂದ ನಾನು ಕೇಳಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ನಿಮ್ಮ ಪೈಕಿ ನನ್ನಂಥವರಿಗೆ ಮಾತ್ರ ಗೊತ್ತಾದೀತು. ಹೆದರಿಕೆ ಕಡಿಮೆಯಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಎರಡೂವರೆಗೆ ಕೈ ಬೆವರುತ್ತದೆ. ಒರೆಸಿಕೊಳ್ಳುತ್ತೇನೆ.

ಇನ್ನು ನಿನ್ನೆಯದು. ಕಾರವಾರದಿಂದ ಮಧ್ಯಾಹ್ನದ ಬಸ್ಸು ಹತ್ತಿ ಹಿಂದಿನಿಂದ ಮೂರನೆಯ ಸೀಟಿನ ಕಿಟಕಿ ಹಿಡಿದೆ. ಕಡತದ ಚೀಲ ತೊಡೆಯ ಮೇಲೆ. ಅರ್ಗಾ ದಾಟಿತು. ಅಮದಳ್ಳಿಯಲ್ಲಿ ಬಸ್ಸು ನಿಂತಾಗಲೇ ನನಗೆ ಹೊಳೆದದ್ದು, ಇದು ಅತ್ತೆಯ ಬಸ್ಸು ಎಂದು. ಅವರು ಕಂಬಿ ಹಿಡಿದು ಮೇಲೆ ಹತ್ತುತ್ತಿದ್ದರು. ಎದ್ದು ಕೈ ಕೊಡಬೇಕೆಂದು ಅರ್ಧ ಎದ್ದವಳು, ಅದೇನನ್ನಿಸಿತೋ, ಸೆರಗನ್ನು ತಲೆಯ ಮೇಲೆ ಮುಖ ಮುಚ್ಚುವಷ್ಟು ಎಳೆದುಕೊಂಡು ಕೂತುಬಿಟ್ಟೆ. ಅತ್ತೆ ನನಗಿಂತ ಎರಡು ಸೀಟು ಮುಂದೆ ಕೂತರು.

ಕಂಡಕ್ಟರ್ ಹೊಸಬ, ಘಟ್ಟದ ಮೇಲಿನವನು. “ಎಲ್ಲಿಗೆ ಯವ್ವಾ?”

“ಅಂಕೋಲಾ ಕೊಡು.”

“ಜೋಡಿ ಯಾರ ಅದಾರ?”

“ಯಾರೂ ಇಲ್ಲ. ನಾ ಒಬ್ಳೇ,” ಎಂದರು ಅತ್ತೆ. ಅಷ್ಟು ಸಂತೋಷದಿಂದ ಆ ಮಾತನ್ನು ಹೇಳಿದವರನ್ನು ನಾನು ನೋಡಿಲ್ಲ.

ಮುದಗಾ ಹೋಯಿತು. ಹಾರವಾಡ ಹೋಯಿತು. ಅವರ್ಸಾ ಇನ್ನೂ ಸ್ವಲ್ಪ ದೂರ ಇರುವಾಗ ಅತ್ತೆ ಎದ್ದು ನಿಂತು, “ತಡಿ, ಇಲ್ಲೇ ಇಳೀತೆ,” ಎಂದರು. ಅಂಕೋಲಾದ ಟಿಕೆಟ್ಟು ಎಂದು ಕಂಡಕ್ಟರ್ ಗೊಣಗಿದ, ಆದರೂ ಸೀಟಿ ಊದಿದ. ನಾನು ಕಿಟಕಿಯಿಂದ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಒಂದು ಗೇರುಮರ, ಅದರ ಬುಡದಲ್ಲಿ ಕೂರುವಂಥ ಒಂದು ಕಲ್ಲು, ಆಚೆಗೆ ಖಾಲಿ ಗದ್ದೆ. ನಮ್ಮ ನೆಂಟರಿಲ್ಲ, ಗುರುತಿನವರಿಲ್ಲ. ಮತ್ತು ಆ ಮರ ಇದ್ದದ್ದು ಹೆದ್ದಾರಿಯ ಆಚೆ ಬದಿಗೆ.

ಅತ್ತೆ ಒಂದೊಂದೇ ಮೆಟ್ಟಿಲು ಇಳಿದರು. ಎಡಗಾಲು, ಬಲಗಾಲು. ನನ್ನ ಉಗುರು ಮುಂದಿನ ಸೀಟಿನ ರೆಗ್ಜಿನಿಗೆ ನೆಟ್ಟಿತ್ತು. ಒಂದು ಲಾರಿ ಹೋಯಿತು, ಹಿಂದೆಯೇ ಇನ್ನೊಂದು. ಬಸ್ಸು ಹೊರಟಿತು. ಅವರು ರಸ್ತೆ ದಾಟಿದರೋ ಇಲ್ಲವೋ ಎಂದು ನೋಡಲು ಕುತ್ತಿಗೆ ತಾನಾಗಿ ತಿರುಗಲು ಹೊರಟಿತ್ತು. ಎರಡೂ ಕೈಯಲ್ಲಿ ಚೀಲ ಬಿಗಿಹಿಡಿದು ಮುಂದೆ ನೋಡುತ್ತಾ ಕೂತೆ. ಹಟ್ಟಿಕೇರಿ ಬರುವವರೆಗೂ ಹಾಗೇ ಕೂತಿದ್ದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದೇ ಇರಬೇಕು. ನೋಡಿದವರಿಗೆ ಒಬ್ಬ ಹೆಂಗಸು ಬಸ್ಸಿನಲ್ಲಿ ಸುಮ್ಮನೆ ಕೂತಿದ್ದಾಳೆ ಎಂದಷ್ಟೇ ಕಂಡೀತು.

ಸಂಜೆ ಮನೆಗೆ ಬಂದಾಗ ಅತ್ತೆಯ ಚಪ್ಪಲಿ ಮೆಟ್ಟಿಲ ಕೆಳಗಿತ್ತು. ನಾನು ಅಲ್ಲೇ ಒಂದು ಗಳಿಗೆ ನಿಂತು ಆ ಎರಡು ಚಪ್ಪಲಿಗಳನ್ನು ನೋಡಿದೆ. ಆಮೇಲೆ ಒಳಗೆ ಹೋಗಿ ಕೈಕಾಲು ತೊಳೆದು ಅನ್ನಕ್ಕಿಟ್ಟೆ. ಊಟಕ್ಕೆ ಕೂತಾಗ ಬಂಗಡೆಯ ಮುಳ್ಳು ಬಿಡಿಸುತ್ತಾ ಅತ್ತೆ ಮಗನಿಗೆ ಹೇಳಿದರು, “ಇವತ್ತ್ ಬಸ್ಸಿನಾಗೆ ಒಬ್ಳು ಹೆಂಗ್ಸು ಇತ್ತು. ಇಡೀ ದಾರಿ ಮುಸುಕು ಹಾಕ್ಕಂಡೇ ಕುಂತಿತ್ತು. ನಾ ಇಳ್ದ ಮೇಲೂ ಒಂದ್ ಸಲ ತಿರುಗಿ ಕಾಣ್ಲಿಲ್ಲ.”

ನಾನು ತಲೆ ತಗ್ಗಿಸಿ ಅನ್ನ ಕಲಸಿದೆ.

ಅವರು ಬಂಗಡೆಯ ನಡುವಿನ ತುಂಡನ್ನು ಎತ್ತಿ ನನ್ನ ಬಟ್ಟಲಿಗೆ ಹಾಕಿದರು. “ಪಾಪ, ಬಾಳ ಧೈರ್ಯದ ಹೆಂಗ್ಸು.”